ಜೋಡಿ ಮಗ್ಗ

ಕಬನೂರ, ಇಚಲಕರಂಜಿ
೧೧ ನವೆಂಬರ್ ೧೯೮೩

ಪ್ರೀತಿಯ ಕೃಷ್ಣಾತ,

ಜಯ ಜಿನೇಂದ್ರ. ನೀನು ಮುಂಬೈಯಿಂದ ನಿನ್ನ ಹಾಡಿನ ರೆಕಾರ್ಡು, ಜೊತೆಗೆ ಪತ್ರ ಕಳಿಸಿ ನಾಲ್ಕು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಹಾಕಿದೆ. ಸೋಮಾರಿ ಎಂದು ಬಯ್ದುಕೊಂಡಿರುತ್ತೀ. ಬಯ್ಯಿ, ಆದರೆ ಮರೆತಿದ್ದೇನೆ ಎಂದು ಮಾತ್ರ ತಿಳಿಯಬೇಡ.

ಕವರಿನ ಮೇಲಿನ ಫೋಟೋದಲ್ಲಿ ನನ್ನ ಹೆಂಡತಿ ಶಾಲನ ನಿನ್ನ ಗುರುತೇ ಹಿಡಿಯಲಿಲ್ಲ. ಬಿಳಿ ಪ್ಯಾಂಟು, ಬಿಳಿ ಬೂಟು! ಮಹಾಗಾಂವದ ನಿಮ್ಮ ಕುರಿಗಳು ಕಂಡರೆ ಹೆದರಿ ಓಡಿಯಾವು. ಪಕ್ಕದ ಮನೆಯವರ ಪ್ಲೇಯರ್ ತಂದು ಹಚ್ಚಿದೆವು. ಅವಳಿಗೆ ಎರಡನೆಯ ಹಾಡು ಆಗಲೇ ಬಾಯಿಪಾಠ. "ಎಂಥಾ ಗೋಡ, ಸಕ್ಕರೀ ಹಂಗ ಹಾಡ್ಯಾರ್ರಿ ನಿಮ್ಮ ದೋಸ್ತರು! ಮೂರು ಮಿನಿಟಿನ್ಯಾಗ ಮುಗದ ಹೋಗತೈತಿ, ಮತ್ತ ಹಚ್ಚಬೇಕ ಅನಸತೈತಿ" ಎಂದಳು.

ಗಡಹಿಂಗ್ಲಜಕ್ಕೆ ಹೋದಾಗ ನಿನ್ನ ಅವ್ವ ಯಮುನವ್ವನನ್ನೂ ಕಂಡು ಬಂದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಿನ್ನ ಹಾಡು ಹಚ್ಚುತ್ತಾರಂತೆ. ಅವಳು ಒಳಗೆ ಹೋಗದೆ ಬಾಗಿಲ ಹೊರಗೆ ನಿಂತು ಕೇಳಿ ಬರುತ್ತಾಳಂತೆ. "ನನ್ನ ಮಗಾ ಒಬ್ಬನ ಹಾಡಾಕತ್ತಾನ. ನೀವೆಲ್ಲಾ ಎಲ್ಲಿ ಹ್ವಾದ್ರಿ ತಮ್ಮಣ್ಣಾ?" ಎಂದು ಕೇಳಿದಳು. ನಾನು ಚಹಾ ಕುಡಿಯುತ್ತ ಕೂತೆ.

ಆರ್ಗನ್ ಬಾರಿಸುತ್ತಿದ್ದ ನಮ್ಮ ರಾಮಲಿಂಗ ಇನ್ನೂ ಕೊಲ್ಹಾಪುರದಲ್ಲಿದ್ದಾನೆ, ಇನ್ನೂ ಸಿಟ್ಟಿನಲ್ಲಿದ್ದಾನೆ. ಆರ್ಗನ್ನನ್ನು ಮದುವೆ ಬ್ಯಾಂಡಿನವರಿಗೆ ಕೊಟ್ಟುಬಿಟ್ಟ. "ಅಂವಾ ನಮ್ಮ ಸಂಗೀತ ಬಿಟ್ಟ ಪೋರಗೋಳ ಹಾಡಿನ ಬೆನ್ನ ಹತ್ಯಾನ. ಅಂವನ ಹೆಸರ ತಗೀಬ್ಯಾಡ ನನ್ನ ಮುಂದ" ಎಂದ.

ನನಗೆ ಸಿಟ್ಟಿಲ್ಲ, ಕೃಷ್ಣಾತ. ಮಗ್ಗಗಳಿಗೆ ಸೂಟಿ ಇರುತ್ತಿದ್ದ ಶುಕ್ರವಾರಗಳು ನೆನಪಾಗುತ್ತವೆ, ಅಷ್ಟೇ. ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಎರಡೇ ಮಗ್ಗ ಚಾಲೂ ಮಾಡಿ, ಅವುಗಳ ಬಡಿತಕ್ಕೆ ನಿನ್ನ ಗಿಟಾರು, ರಾಮಲಿಂಗನ ಆರ್ಗನ್ನು, ನನ್ನ ಡ್ರಮ್ಮು ಕೂಡಿಸಿ ಕಟ್ಟಿದ ಇಪ್ಪತ್ತೆರಡು ನಿಮಿಷದ 'ಜೋಡಿ ಮಗ್ಗ'! ನೀನು ಐದರ ಎಣಿಕೆಯಲ್ಲಿ, ನಾನು ಏಳರಲ್ಲಿ, ಓಡಿ ಓಡಿ ಒಂದು ಕಡೆ ಕೂಡುತ್ತಿದ್ದೆವು. ಕೂಡಿದಾಗಲೆಲ್ಲ ಮೂವರೂ ಹುಚ್ಚರ ಹಾಗೆ ನಗುತ್ತಿದ್ದೆವು. ಕೊಲ್ಹಾಪುರದ ಕಾಲೇಜಿನಲ್ಲಿ ಅದನ್ನು ಬಾರಿಸಿದಾಗ ಅರ್ಧ ಜನ ಎದ್ದು ಹೋದರು. ಉಳಿದರ್ಧ ಮುಗಿದ ಮೇಲೂ ಏಳಲಿಲ್ಲ.

ಇನ್ನು ನಿನ್ನ ಪ್ರಶ್ನೆ. ಎರಡು ವರ್ಷದ ಹಿಂದೆ ದೀಪಾವಳಿಗೆ ನೀನು ಕ್ಯಾಸೆಟ್ ತಂದು ಇದೇ ಶೆಡ್ಡಿನಲ್ಲಿ ಹಚ್ಚಿದೆ. ಒಂದು ಬದಿಗೆ ಹೊಸದಾಗಿ ಕಟ್ಟಿದ ಜೋಡಿ ಮಗ್ಗ, ಇನ್ನೊಂದು ಬದಿಗೆ ಸಣ್ಣ ಸಣ್ಣ ಹಾಡು. ಎರಡರಲ್ಲಿ ಒಂದನ್ನೇ ರೆಕಾರ್ಡು ಮಾಡುವುದಾಗಿ ಕಂಪನಿಯವರು ಹೇಳಿದ್ದರು. "ಯಾವ್ದ ಇಟ್ಕೊಳ್ಳಲಿ ತಮ್ಮಣ್ಣಾ? ನೀ ಹೇಳಿದ್ದ ಖರೇ" ಎಂದು ನೀನು ಕೇಳಿದೆ. ನಾನು "ಎರಡನೇದ ಛಲೋ ಐತಿ" ಎಂದೆ. ಈಗ ಪತ್ರದಲ್ಲಿ ಕೇಳಿದ್ದೀ, ಮೊದಲನೆಯದು ಅಷ್ಟು ಕೆಟ್ಟದಿತ್ತೇ, ಖರೇ ಹೇಳು ಎಂದು.

ಏನು ಹೇಳಲಿ? ನಿನ್ನ ಹಾಡು ಈಗ ಊರೂರಲ್ಲಿ ಹಾಡಿಕೊಳ್ಳುತ್ತಾರೆ. ಹಳೆಯದನ್ನು ಕೆದಕಿ ಸಂಕಟಪಡಬೇಡ. ನಾನು ಡ್ರಮ್ಮುಗಳನ್ನು ಅಟ್ಟಕ್ಕೆ ಏರಿಸಿದ್ದೇನೆ. ಯಾರಾದರೂ ಕೇಳಿದರೆ ಭುಜದ ನೋವು ಎನ್ನುತ್ತೇನೆ.

ನಿನ್ನ ಕೊರಳು ನೂರು ವರ್ಷ ಚೆನ್ನಾಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವನಿಗೆ ಒಂದು ಕಾಗದ ಹಾಕು.

ನಿನ್ನ
ತಮ್ಮಣ್ಣ

ತಾ. ಕ.: ಇದನ್ನೂ ಹರಿಯುವವನಿದ್ದೆ. ಶಾಲನ ಕೈ ಹಿಡಿದಳು. "ಖರೇದ್ದ ನೀವ ಬರೀರಿ, ಇಲ್ಲಾಂದ್ರ ನಾ ಬರೀತೇನಿ" ಎಂದಳು. ಕೃಷ್ಣಾತ, ನಿನ್ನ ರೆಕಾರ್ಡನ್ನು ನಾನು ಕೇಳಿಲ್ಲ. ಆ ಕ್ಯಾಸೆಟ್ಟನ್ನೂ ಕೇಳಿರಲಿಲ್ಲ. ಹದಿನಾರು ವರ್ಷ ಮಗ್ಗಗಳ ನಡುವೆ ನಿಂತು ನನ್ನ ಕಿವಿ ಆಗಲೇ ಹೋಗಿತ್ತು. ಕಬನೂರಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಶೆಡ್ಡಿನ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು. ನಿನ್ನ ಪ್ರಶ್ನೆಯೂ ಹಾಗೆಯೇ ತಿಳಿಯಿತು. ಡ್ರಮ್ಮು ಬಾರಿಸುವವನು ಕಿವುಡನಾದ ಎಂದು ನಿನ್ನೆದುರು ಹೇಳಲು ನಾಚಿಕೆಯಾಯಿತು. ನಿನ್ನ ಮುಖ ನೋಡಿ ಉತ್ತರ ಹೇಳಿಬಿಟ್ಟೆ. ಎರಡನೆಯ ಬದಿಗೆ ನೀನು ನಗುತ್ತಿದ್ದೆ. ಮೊದಲನೆಯ ಬದಿ ಓಡುವಷ್ಟು ಹೊತ್ತೂ ನಿನ್ನ ಕಣ್ಣಲ್ಲಿ ನೀರಿತ್ತು. ಸರಿ ಬಂದಿಲ್ಲವೆಂದು ಅಳುತ್ತಿದ್ದೀ ಎಂದುಕೊಂಡೆ.