ಮರಳು ತುಂಬಿದ ಶವಪೆಟ್ಟಿಗೆ

ದಕ್ಷಿಣ ಆರ್ಮಾ,
ನವೆಂಬರ್ 9, 2004

ಪ್ರೀತಿಯ ತಂಗಿ ಡಿಂಪ್ನಾ,

ಇಷ್ಟು ದಿನ ಉತ್ತರ ಬರೆಯದ ಈ ಅಣ್ಣನನ್ನು ಆಸ್ಟ್ರೇಲಿಯಾದಿಂದಲೇ ಬೈದಿರುತ್ತೀ. ಬೈ! ಆದರೆ ಮೊದಲು ಇದನ್ನು ಕೇಳು: ನಿನ್ನ ಅಣ್ಣ ಸಿನಿಮಾ ನಟನಾದ! ಚರ್ಚಿನ ಸಭಾಂಗಣದ ನಾಟಕಗಳಲ್ಲಿ ರಾಜನಾಗಿ, ರಾಕ್ಷಸನಾಗಿ ಹೆಂಚು ಹಾರುವಂತೆ ಗರ್ಜಿಸಿದವನಿಗೆ ಸಿಕ್ಕಿದ್ದು ಮಾತಿಲ್ಲದ ಪಾತ್ರ. ಶವಪೆಟ್ಟಿಗೆ ಹೊರುವವನು.

ಚಿತ್ರ ಬ್ರಿಟಿಷರ ವಿರುದ್ಧ ನಮ್ಮಲ್ಲಿ ನಡೆದ ಗಲಭೆಯ ಕಾಲದ್ದೇ. ಒಬ್ಬ ಹುಡುಗ ಬ್ರಿಟಿಷರಿಗೆ ಸುದ್ದಿ ಮುಟ್ಟಿಸುತ್ತಾನೆಂದು ನಮ್ಮವರೇ ಎಳೆದೊಯ್ದು ಕೊಂದು, ಜೌಗುನೆಲದಲ್ಲಿ ಹೂಳುತ್ತಾರೆ. ಕೊನೆಗೆ ಶವ ಸಿಕ್ಕಿ, ಊರೇ ಮಣ್ಣಿಗೆ ಬರುತ್ತದೆ. ಅಮ್ಮನ ಕಿರಿಮಗ, ನಮ್ಮ ಕಾಹಲನ ಕಥೆಯೇ ಅನ್ನು, ಆ ಕೊನೆಯೊಂದನ್ನು ಬಿಟ್ಟು.

ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳ ನೆನಪು ಈಗ ಬಂದು ಹೋಗುವ ಬಿಸಿಲಿನಂತೆ. ಕಂಬಳಿ ಹೊದಿಸಿ, ಚಹಾ ಕೊಟ್ಟು, ಸ್ಮಶಾನದ ಗೇಟಿನ ಬಳಿ ಕೂರಿಸಿದೆ.

ಪೆಟ್ಟಿಗೆಯಲ್ಲಿ ಮರಳಿನ ಚೀಲ. "ಯಜಮಾನ್ರೇ, ನಿಧಾನ! ಬಸ್ಸು ಹಿಡಿಯೋಕೆ ಹೊರಟಿಲ್ಲ!" ಎಂದು ನಿರ್ದೇಶಕ ಕೂಗಿದ. ನನ್ನ ಜೋಡಿಯಾಗಿ ಹೆಗಲು ಕೊಟ್ಟವನು ಯಾರು ಗೊತ್ತೇ? ಬಾರ್ನಿ! ಅಂದು ಕಾಹಲನನ್ನು ಒಯ್ದ ಕಾರು ಓಡಿಸಿದ ಅದೇ ಬಾರ್ನಿ. ಹೊರುವವರು ಒಬ್ಬರನ್ನೊಬ್ಬರು ತಬ್ಬಿ ಹಿಡಿಯಲೇಬೇಕಲ್ಲ. ಅವನ ತೋಳು ನನ್ನ ಹೆಗಲ ಮೇಲೆ, ನನ್ನದು ಅವನ ಹೆಗಲ ಮೇಲೆ.

ಆಮೇಲೆ ಆದದ್ದು ಯಾವ ಚಿತ್ರಕಥೆಯಲ್ಲೂ ಇರಲಿಲ್ಲ. ಶವಯಾತ್ರೆಗೆಂದು ಕರೆಸಿದ್ದ ಊರವರು ಗೇಟು ದಾಟುವಾಗ, ಪಕ್ಕದ ಮನೆಯ ಬ್ರೈಡಿ ಅಭ್ಯಾಸಬಲದಿಂದ ಬಾಗಿ ಅಮ್ಮನ ಕೈ ಹಿಡಿದಳು: "ನಿಮ್ಮ ದುಃಖದಲ್ಲಿ ನಾವೂ ಇದೀವಿ ಕಣಮ್ಮ." ಹಿಂದೆಯೇ ಸಾಲು ನಿಂತಿತು. ನೆನಪಿದೆಯೇ? ಕಾಹಲ ಹೋದಾಗ, ದ್ರೋಹಿಯ ಮನೆಯೆಂದು ಒಬ್ಬನಾದರೂ ನಮ್ಮ ಹೊಸ್ತಿಲು ತುಳಿದನೇ? ಈಗ ಬಾಡಿಗೆಯ ಕಪ್ಪು ಕೋಟು ತೊಟ್ಟು ಎಲ್ಲರೂ ಕೈ ಕುಲುಕಿದರು. ಪೆಟ್ಟಿಗೆ ಇಳಿಸಿ ಬಂದ ಬಾರ್ನಿಯೂ! ನಿರ್ದೇಶಕ ಖುಷಿಯಿಂದ, "ಕ್ಯಾಮೆರಾ ನಿಲ್ಲಿಸಬೇಡ್ರೋ!" ಎಂದ.

ಮನೆಗೆ ಬಂದ ಅಮ್ಮನ ಮುಖ ಬೆಳಗುತ್ತಿತ್ತು. "ಎಷ್ಟು ಜನ ಬಂದಿದ್ರು ನೋಡ್ದೇನೋ! ಬೆನ್ನು ತಿರುಗಿಸಿದ್ದೋರೆಲ್ಲ ಬಂದ್ರು. ಪೆಟ್ಟಿಗೆ ಭಾರ ಇತ್ತೇನೋ?"

"ಇತ್ತಮ್ಮ."

"ಪಾಪುವಾಗಿದ್ದಾಗ್ಲೂ ಹಂಗೇ ಕಣೋ. ಎತ್ತಿಕೊಂಡ್ರೆ ಕಲ್ಲುಗುಂಡು!"

ಹಾಗೆಂದು ನಕ್ಕಳು, ಡಿಂಪ್ನಾ. ಅವಳು ಹಾಗೆ ನಕ್ಕಿದ್ದು ಯಾವ ಕಾಲವಾಯಿತೋ. ಅದು ಮರಳು ಎಂದು ಯಾವ ಬಾಯಲ್ಲಿ ಹೇಳಲಿ?

ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಮಲಾಕಿ

ತಾ.ಕ.: ಭಾನುವಾರ ಅಮ್ಮ ಸಮಾಧಿಗೆ ಹೂ ಇಡಬೇಕಂತೆ. ಸಿನಿಮಾದವರು ಥರ್ಮೋಕೋಲಿನ ಕಲ್ಲು ಕಿತ್ತು, ಗುಂಡಿ ಮುಚ್ಚಿ ಹೋಗಿಯಾಯಿತು. ನಿನ್ನೆ ಬಾರ್ನಿಯ ಬಾಗಿಲು ತಟ್ಟಿದೆ. "ಎಲ್ಲೋ?" ಎಂದೆ, ಅಷ್ಟೇ. ಅವನು ಹೊಸ್ತಿಲಲ್ಲೇ ಕುಸಿದು ಕೂತ. "ನಾನೂ ಹುಡುಕ್ಕೊಂಡು ಹೋಗಿದ್ದೆ ಮಲಾಕಿ, ಎಷ್ಟೋ ಸಲ. ಜೌಗಿನ ತುಂಬ ಪೈನ್ ಮರ ನೆಟ್ಟುಬಿಟ್ಟಿದಾರೆ. ಎತ್ತ ನೋಡಿದ್ರೂ ಒಂದೇ ಥರ. ನಂಗೇ ಗುರುತು ಸಿಗ್ತಿಲ್ಲ ಕಣೋ." ಹೊಡೆಯಲೆಂದು ಹೋದವನು ಅವನ ಪಕ್ಕದಲ್ಲೇ ಕೂತುಬಿಟ್ಟೆ. ಅಮ್ಮ ಇಂದೇ ತನ್ನ ಒಳ್ಳೆಯ ಕೋಟನ್ನು ಒಲೆಯ ಮುಂದೆ ಬೆಚ್ಚಗಾಗಲು ಹರಡಿದ್ದಾಳೆ. ಅವಳನ್ನು ಎಲ್ಲಿಗೆ ಕರೆದೊಯ್ಯಲಿ, ತಂಗಿ?