ಜೊಂಡಿನಲ್ಲಿ ಹಳದಿ ಹಕ್ಕಿ ಇಲ್ಲ

ಪ್ರೀತಿಯ ಅಕ್ಕಾ,

ನೀನು ಹೋಗಿ ವರ್ಷ ತುಂಬಿತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದಂತೆ. ನನಗೆ ನಿನ್ನ ಮೇಲೆ ಕೆಟ್ಟ ಸಿಟ್ಟಿದೆ.

ಇಷ್ಟು ವರ್ಷ ಇಬ್ಬರೂ ಸೇರಿ ಮಾಡುತ್ತಿದ್ದ ಹಕ್ಕಿ ಗಣತಿಗೆ ಈ ಸಲ ನಾನೊಬ್ಬನೇ ಹೋದೆ. ಗೋದಾಮು ಕಟ್ಟುವವರಿಗೆ ನಮ್ಮ ಜೌಗು ಬೇಕಿತ್ತು. ಹಳದಿ ಉಲಿಹಕ್ಕಿ ಅಲ್ಲಿ ಗೂಡು ಕಟ್ಟುತ್ತಿದ್ದರೆ ಮಣ್ಣು ಸುರಿಯುವಂತಿಲ್ಲ, ಇಲ್ಲದಿದ್ದರೆ ಸುರಿಯಬಹುದು. ನನ್ನ ವರದಿಯೇ ಕೊನೆಯ ಮಾತು.

ಆ ಹಕ್ಕಿಯನ್ನು ಗುರುತು ಹಿಡಿಯಲು ಕಲಿಸಿದವಳು ನೀನು. ಹೆಬ್ಬೆರಳಷ್ಟು ಮೈ, ನಿಂಬೆಹಣ್ಣಿನ ಬಣ್ಣದ ಕತ್ತು, ಗಂಡಿನ ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. "ಕಳ್ಳ ಕಣೋ, ಮುಖ ಮುಚ್ಕೊಂಡಿದಾನೆ. ಹೆಂಡ್ತಿಗೆ ಪಾಪ ಅದೂ ಇಲ್ಲ, ಯಾರ ಕಣ್ಣಿಗೂ ಬೀಳಲ್ಲ" ಎಂದು ನೀನು ನಗುತ್ತಿದ್ದೆ. ಜೊಂಡಿನ ಬುಡದಲ್ಲೇ ಇಲಿಯ ಹಾಗೆ ಓಡಾಟ, ನೆಲದ ಹತ್ತಿರವೇ ಗೂಡು. "ಕಣ್ಣಲ್ಲಿ ಹುಡುಕ್ಬೇಡ, ಕಿವಿ ಕೊಡು" ಅನ್ನುತ್ತಿದ್ದೆ.

ಮೂರು ದಿನ ಬೆಳಗ್ಗೆ ಕಿವಿ ಕೊಟ್ಟೆ. ಬೂಟಿನೊಳಗೆ ಕಾಲು ಮರಗಟ್ಟುವ ತನಕ ನಿಂತೆ. ಕಪ್ಪೆ ಕೇಳಿಸಿತು, ನೀರುಕೋಳಿ ಕೇಳಿಸಿತು. ಮೂರೂ ಸಲ ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತಾರು ವರ್ಷದ ಅನುಭವಸ್ಥ ಎಂದು ಕಚೇರಿಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಮಣ್ಣು ಸುರಿದು ಮುಗಿದ ದಿನ ಬುಲ್ಡೋಜರ್ ಡ್ರೈವರ್ ಹೇಳಿದ: "ಮೊದಲ ವಾರ ಒಂದು ಹಳದಿ ಹಕ್ಕಿ ತಲೆ ತಿಂದ್ಬಿಡ್ತು ಸಾರ್. ಇಂಜಿನ್ ಆಫ್ ಮಾಡಿದ್ರೆ ಸಾಕು, ಕೂಗೋಕೆ ಶುರು. ಕಣ್ಣಿಗೆ ಕಪ್ಪು ಪಟ್ಟಿ ಬೇರೆ. ಈಗ ಕಾಟ ಇಲ್ಲ ಬಿಡಿ." ಮರುದಿನವೇ ಕಿವಿ ತೋರಿಸಲು ಹೋದೆ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಹಕ್ಕಿಯಂಥ ಕೀಚಲು ದನಿ ನಿಮಗೆ ಕೇಳಿಸದೆ ಏಳೆಂಟು ವರ್ಷ ಆಗಿರಬೇಕು. ಗೊತ್ತೇ ಆಗ್ಲಿಲ್ವಾ?" ಅಂದರು. ಹೇಗೆ ಗೊತ್ತಾಗಬೇಕು? ಹಕ್ಕಿ ಕೂಗಿದಾಗಲೆಲ್ಲ ನೀನು ಪೆನ್ಸಿಲಿನಿಂದ ನನ್ನ ಹೆಗಲು ತಟ್ಟುತ್ತಿದ್ದೆ. ನಾನು ಆ ಕಡೆ ತಿರುಗಿ, ನಾನೇ ಕೇಳಿದವನ ಹಾಗೆ ಬರೆದುಕೊಳ್ಳುತ್ತಿದ್ದೆ. ನಿನಗೆ ಗೊತ್ತಿತ್ತು. ತಮ್ಮನ ಮುಖ ಸಣ್ಣದಾಗದಿರಲಿ ಎಂದು ಬಾಯಿ ಮುಚ್ಚಿಕೊಂಡೆ. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಕ್ಕಾ? ನಾನು ಅತ್ತು ಸುಮ್ಮನಾಗುತ್ತಿದ್ದೆ, ಅಷ್ಟೇ. ಹಕ್ಕಿ ಉಳಿಯುತ್ತಿತ್ತು.

ನಿನ್ನೆ ತಪ್ಪೊಪ್ಪಿಗೆ ಬರೆದು ಕೊಟ್ಟೆ. ಮೇಲಧಿಕಾರಿ ಓದಿ ವಾಪಸ್ ಕೊಟ್ಟರು. "ಇದನ್ನ ಇಟ್ಕೊಂಡು ಏನ್ಮಾಡ್ಲಿ? ಅಲ್ಲಿ ಈಗ ಹಕ್ಕಿ ಇಲ್ವಲ್ಲ" ಅಂದರು. ನನ್ನ ವರದಿಯಲ್ಲಿ ತಿದ್ದುವುದಕ್ಕೆ ಏನೂ ಉಳಿದಿಲ್ಲ.

ಇರುವಲ್ಲಿ ತಣ್ಣಗಿರು.

ನಿನ್ನ ತಮ್ಮ