ನಂಜಣ್ಣನ ಹೆಸರಿನ ಬೇಲ್

ಕಟ್ಟೆಮಳಲವಾಡಿ,
೧೮-೧-೨೦೨೫, ಶನಿವಾರ

ನನ್ನ ಯಜಮಾನರಿಗೆ ಮೀನಾ ಮಾಡುವ ವಂದನೆಗಳು.

ಹೇಗಿದ್ದೀರಿ? ಉಪವಾಸಕ್ಕೆ ನಿಮ್ಮ ಗ್ಯಾಸ್ಟ್ರಿಕ್ ಮತ್ತೆ ಎದ್ದಿರಬೇಕು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಜೀರಿಗೆ ಪುಡಿ ಇಟ್ಟಿದ್ದೇನೆ, ಸಂಜೆ ಗಂಜಿಗೆ ಹಾಕಿಕೊಳ್ಳಿ. ನಿಮ್ಮ ಉಪವಾಸ ಪ್ರಾರ್ಥನೆಯ ಶಿಬಿರ ನಡೆಯುವ ಎನ್. ಬೇಗೂರು ಕಾಡಿನ ಪಕ್ಕದ ಊರು, ಚಳಿ ಜಾಸ್ತಿ, ಮಫ್ಲರ್ ಬಿಚ್ಚಬೇಡಿ. ಇಲ್ಲಿ ಅತ್ತೆಯವರ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಶಿಬಿರದವರು ನಲವತ್ತು ದಿನಕ್ಕೆ ನಿಮ್ಮ ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕಿ, ದೇವರಿಗೆ ಸ್ತೋತ್ರ, ಪ್ರಾರ್ಥನೆ ಮಾಡು ಎಂದು ಇಟ್ಟುಬಿಡುತ್ತಿದ್ದಿರಿ. ಪತ್ರಕ್ಕೆ ಹಾಗೆ ಮಾಡಲು ಬರುವುದಿಲ್ಲ.

ನಿಮ್ಮ ಕವರು ಗುರುವಾರ ಬಂತು. ಒಳಗೆ ಎರಡು ಹಾಳೆ. ಒಂದು ನಾಳೆ ಚರ್ಚಿನ ಸಭೆಯಲ್ಲಿ ನಾನು ಓದಬೇಕಾದದ್ದು: ದಿನನಿತ್ಯದ ಬದುಕಿನಲ್ಲಿ ದೇವರ ಮಹಿಮೆಯನ್ನು ತೋರಿಸುವುದು ಹೇಗೆ ಅಂತ. ವಿಶ್ವಾಸಿ ಒರೆಸಿಟ್ಟ ಕನ್ನಡಿಯ ಹಾಗಿರಬೇಕು, ಹೊಲದಲ್ಲಿ, ಸಂತೆಯಲ್ಲಿ, ನೆರೆಯವರ ಮುಂದೆ ಅವನಲ್ಲಿ ಕರ್ತನೇ ಕಾಣಬೇಕು ಎಂದು ದುಂಡಗೆ ಬರೆದಿದ್ದೀರಿ. ನಿಮ್ಮ ಅಕ್ಷರ ಯಾವಾಗಲೂ ಚೆಂದ. ಇನ್ನೊಂದು ಹಾಳೆಯಲ್ಲಿ ನಾಲ್ಕೇ ಸಾಲು. ಹೊಗೆಸೊಪ್ಪಿನ ಬೇಲಿನ ವಿಷಯ ಯಾರ ಹತ್ತಿರವೂ ಬಾಯಿಬಿಡಬೇಡ, ಸಭೆಯಲ್ಲಿ ನಮ್ಮ ಸಾಕ್ಷಿ ಕೆಡುತ್ತದೆ, ನಾನು ಬಂದ ಮೇಲೆ ನೋಡೋಣ. ಎರಡು ಹಾಳೆಯನ್ನೂ ಒಂದೇ ಪೆನ್ನಿನಲ್ಲಿ ಬರೆದಿದ್ದೀರಿ.

ಆ ಬೇಲಿನ ಮೂಟೆ ಕಟ್ಟಿದ ಕೈ ನನ್ನದೇ, ಒಪ್ಪಿಕೊಳ್ಳುತ್ತೇನೆ. ನಮ್ಮ ಲೈಸೆನ್ಸಿನಲ್ಲಿ ಇಂತಿಷ್ಟೇ ಹೊಗೆಸೊಪ್ಪು ಮಾರಬೇಕೆಂದಿದ್ದ ಲೆಕ್ಕ ಮುಗಿದು, ಇನ್ನೂ ಸೊಪ್ಪು ಉಳಿದಿತ್ತು. ನಂಜಣ್ಣನಿಗೆ ಈ ಸಲ ಬೆಳೆ ಕಮ್ಮಿ, ಅವರ ಲೈಸೆನ್ಸಿನಲ್ಲಿ ಜಾಗ ಉಳಿದಿತ್ತು. ಕೇಳಿದ ತಕ್ಷಣ ಪಕ್ಕದ ಮನೆಯವರೆಂದು ಹೂಂ ಅಂದರು. ಊರಲ್ಲಿ ಎಲ್ಲರೂ ಹಾಗೆ ಒಬ್ಬರ ಹೆಸರಿನಲ್ಲಿ ಒಬ್ಬರು ಹಾಕುತ್ತಾರೆ, ಅದನ್ನೊಂದು ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಒಣಗಿಸುವ ಬ್ಯಾರನ್ನಿನಲ್ಲಿ ಕಂದಿ ಕಪ್ಪಾದ ಸೊಪ್ಪನ್ನು ನಡುವೆ ತುಂಬು, ಸುತ್ತ ಹಳದಿ ಸೊಪ್ಪು ಜೋಡಿಸು ಎಂದವರು ನೀವು. ಜಗಲಿಯಲ್ಲಿ ಕೂತಿದ್ದ ಅತ್ತೆ ಅದನ್ನು ನೋಡಿ, 'ಮೇಲೆ ತಳುಕು ಒಳಗೆ ಹುಳುಕು, ನಿಮ್ಮಪ್ಪ ಇದ್ದಿದ್ರೆ ಸೊಪ್ಪು ಕಟ್ಟೋ ಕಡ್ಡೀಲೇ ಬಾರಿಸೋನು ಕಣ್ಲಾ' ಅಂದರು. ನೀವು ನಕ್ಕಿರಿ. ನಾನೂ ನಕ್ಕೆ. ಒಳಗೇನಿದೆ ಎಂದು ನಂಜಣ್ಣನಿಗೆ ಮಾತ್ರ ಯಾರೂ ಹೇಳಲಿಲ್ಲ.

ಹರಾಜಿನಲ್ಲಿ ಬೇಲ್ ಬಿಚ್ಚಿ ಕಪ್ಪು ಸೊಪ್ಪು ಹಿಡಿದರು ಎಂದು ಹಿಂದಿನ ಕಾಗದದಲ್ಲಿ ಚುಟುಕಾಗಿ ಬರೆದಿದ್ದೆ. ಪೂರ್ತಿ ಬರೆದಿರಲಿಲ್ಲ, ನಾಚಿಕೆಯಾಗಿತ್ತು. ಈಗ ಕೇಳಿ. ಅಧಿಕಾರಿ ಕೈಯನ್ನು ಮೊಣಕೈವರೆಗೆ ಬೇಲಿನೊಳಗೆ ಇಳಿಸಿ, ಕಪ್ಪು ಸೊಪ್ಪನ್ನು ಕಿತ್ತು ನೆಲಕ್ಕೆ ಎಸೆದರು. ಸುತ್ತ ಜನ ಸೇರಿತು. ಬೇರೆ ಊರಿನ ಯಾವನೋ, 'ಇಂಥೋರಿಂದ್ಲೇ ನಮ್ ರೇಟು ಬೀಳಾದು' ಅಂದ. ನಂಜಣ್ಣ ಸೊಪ್ಪನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದೇ ಸಲ. ಅವರಿಗೆ ಅರ್ಥವಾಯಿತು. ನಾನು ತಲೆ ತಗ್ಗಿಸಿ ನಿಂತೆ. ಅವರು ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು, 'ನಂದೇ ಸೊಪ್ಪು ಸಾರ್, ತಪ್ಪಾಗೋಯ್ತು' ಅಂದರು. ಅರವತ್ತು ವರ್ಷದ ಮನುಷ್ಯ, ಮಗನ ವಯಸ್ಸಿನ ಅಧಿಕಾರಿಯ ಮುಂದೆ.

ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು. ನಮ್ಮ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. 'ಬುಡವ್ವ, ನಿನ್ ಗಂಡ ನಾಕ್ ಜನದ್ ಮುಂದೆ ನಿಂತ್ಕಂಡು ದೇವ್ರ ಮಾತು ಏಳೋನು. ನನ್ನ ಬಯ್ದ್ರೆ ನನ್ನೊಬ್ಬನ್ಗೆ ಓಯ್ತದೆ. ಅವ್ನ ಬಯ್ದ್ರೆ ನಿಮ್ ದೇವ್ರಿಗೇ ಬಯ್ದಂಗಾಯ್ತದೆ' ಅಂದರು. ನಮ್ಮ ದೇವರ ಮರ್ಯಾದೆ ಕಾಯುವುದಕ್ಕೆ ನಂಜಣ್ಣ ಬೇಕಾಯಿತು ನೋಡಿ. ಒಂದು ದಿನವೂ ನಮ್ಮ ಸಭೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಕತ್ತಲಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ ಎಂದು ನೀವು ಎಷ್ಟು ಸಲ ಹೇಳಿದ್ದೀರಿ.

ಅವತ್ತಿನಿಂದ ಅವರ ಬೇಲ್ ಒಂದನ್ನೂ ಹರಾಜಿಗೆ ಬಿಡುತ್ತಿಲ್ಲ. ಅವರ ಮನೆಯಲ್ಲಿ ಒಳ್ಳೆಯ ಸೊಪ್ಪೂ ಬಣ್ಣಗೆಡುತ್ತಾ ಬಿದ್ದಿದೆ. ಸೋಮವಾರ ವಿಚಾರಣೆಗೆ ಕರೆದಿದ್ದಾರೆ, ಲೈಸೆನ್ಸೇ ಹೋಗಬಹುದು ಎನ್ನುತ್ತಾರೆ. ನೀವು ಬರುವುದು ಫೆಬ್ರುವರಿಯಲ್ಲಿ, ತಲೆಯ ಮೇಲೆ ಕೈಯಿಡಿಸಿಕೊಂಡು ಸಹಾಯಕ ಪಾಸ್ಟರ್ ಆಗಲು. ಅಷ್ಟರಲ್ಲಿ ನೋಡಲು ಏನು ಉಳಿದಿರುತ್ತದೆ?

ಇನ್ನೊಂದು ಮಾತು. ಪ್ರತಿ ಸಂಕ್ರಾಂತಿಗೆ ನಂಜಣ್ಣನ ಹೆಂಡತಿ ಚಿಕ್ಕಬಸಮ್ಮ ಎಳ್ಳು ಬೆಲ್ಲ ತರುತ್ತಿದ್ದರು. ವಿಗ್ರಹದ ಮುಂದಿಟ್ಟದ್ದು ನಮಗೆ ಬೇಡ ಎಂದು ನೀವು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದಿರಿ. ಮರುವರ್ಷ ಮತ್ತೆ ತರುತ್ತಿದ್ದರು. ಈ ಮಂಗಳವಾರ ಹಬ್ಬದ ದಿನ ಸಂಜೆವರೆಗೂ ಜಗಲಿಯಲ್ಲಿ ಕೂತಿದ್ದೆ, ಬರಲಿಲ್ಲ. ಬಾವಿಯ ಹತ್ತಿರ ಸಿಕ್ಕರೂ ನನ್ನತ್ತ ನೋಡದೆ ಬಿಂದಿಗೆ ಎತ್ತಿಕೊಂಡು ಹೋಗುತ್ತಾರೆ. ಗಂಡ ಹೇಳದಿದ್ದರೂ ಹೆಂಡತಿಗೆ ಗೊತ್ತಾಗುತ್ತದೆ.

ನಿಮ್ಮ ಮೇಲೆ ಕೋಪ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಜೀರಿಗೆ ಪುಡಿ ಮರೆಯಬೇಡಿ. ಕರ್ತನು ನಿಮ್ಮನ್ನು ಕಾಯಲಿ, ನಿದ್ದೆ ಮಾತ್ರ ಕೊಡದಿರಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ.

ಇಂತು,
ಮೀನಾ

ಮತ್ತೆ ಬರೆದದ್ದು: ಭಾನುವಾರ ಮಧ್ಯಾಹ್ನ. ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಾಳೆಯನ್ನು ಸಭೆಯಲ್ಲಿ ಒಂದಕ್ಷರ ಬಿಡದೆ ಓದಿದೆ. ಎಲ್ಲರೂ ಆಮೆನ್ ಅಂದರು. ಸಾಕ್ಷಿ ಹೇಳುವವರಿದ್ದರೆ ನಿಲ್ಲಿ ಎಂದು ಪಾಸ್ಟರ್ ಕೇಳಿದಾಗ ನಾನು ಇನ್ನೂ ನಿಂತೇ ಇದ್ದೆ, ಎರಡನೇ ಹಾಳೆಯನ್ನೂ ಓದಿದೆ. ಪಾಸ್ಟರ್ ತಡಬಡಾಯಿಸಿ ಹಾಡು ಶುರುಮಾಡಿಸಿದರು. ನಾಳೆ ಮೊದಲ ಬಸ್ಸಿಗೆ ನಂಜಣ್ಣನ ಜೊತೆ ವಿಚಾರಣೆಗೆ ಹೋಗುತ್ತೇನೆ. ಕಟ್ಟಿದವಳ ಹೆಸರು, ಕಟ್ಟಿಸಿದವರ ಹೆಸರು ಎರಡನ್ನೂ ಬರೆದುಕೊಡುತ್ತೇನೆ. ಸಭೆಯಿಂದ ನೇರವಾಗಿ ಎಳ್ಳು ಬೆಲ್ಲ ಕಟ್ಟಿಕೊಂಡು ಚಿಕ್ಕಬಸಮ್ಮನ ಬಾಗಿಲಿಗೆ ಹೋಗಿದ್ದೆ, ಹಬ್ಬ ಕಳೆದು ಐದು ದಿನಕ್ಕೆ. ಅವರು ವಾಪಸು ಕಳಿಸಲಿಲ್ಲ.